ಅರ್ಧ ತಾಳ ತಡವಾದ ಕಾಲು

ಮದುವೆಯ ದಿನ ಹೆಂಡತಿಯ ಜೊತೆ ಕುಣಿದವನು ಆಮೇಲೆ ಇಪ್ಪತ್ತೈದು ವರ್ಷ ಕುಣಿಯಲಿಲ್ಲ. ತಪ್ಪು ನನ್ನ ಕಾಲಿನದು. ತಾಳ ಬಿದ್ದು ಅರ್ಧ ಕ್ಷಣವಾದ ಮೇಲೆಯೇ ಅದು ಏಳುವುದು. ಅವಳೋ ಇಗರ್ಜಿಯಲ್ಲಿ ಹಾಡುವವಳು. ತಾಳ ತಪ್ಪಿದರೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಮುಖ ಮಾಡುತ್ತಾಳೆ. ನಾವಿರುವ ಬಹರೈನಿನಲ್ಲಿ ನಮ್ಮ ಊರಿನವರ ಯಾವ ಪಾರ್ಟಿಯಲ್ಲಿ ನಾನು ಎದ್ದರೂ, "ಕೂತ್ಕೊಳ್ಳಿ ಮಾರಾಯ್ರೆ, ಮರ್ಯಾದೆ ಉಂಟಲ್ಲ ನಮಗೆ" ಎನ್ನುತ್ತಿದ್ದಳು. ನಗುತ್ತಾ ಕೂರುತ್ತಿದ್ದೆ. ಆದರೆ ಅವಳ ಜೊತೆ ಕುಣಿಯುವ ಆಸೆ ಮಾತ್ರ ಹೋಗಿರಲಿಲ್ಲ.

ಇಲ್ಲಿನ ಸಿತ್ರಾದಲ್ಲಿರುವ ನಮ್ಮ ಆಫೀಸಿನಲ್ಲಿ ಇಂಗ್ಲೆಂಡಿನ ಮೇಲಧಿಕಾರಿಯೊಬ್ಬರಿದ್ದಾರೆ. ಅವರ ಪ್ರಾಯದ ಕಾಲದಲ್ಲಿ ಅಲ್ಲಿನ ಒಂದು ಬ್ಯಾಂಡು, ಸ್ಕಾ ಎಂಬ ಜಮೈಕಾದ ಹಳೆಯ ಕುಣಿತದ ಸಂಗೀತಕ್ಕೆ ಮತ್ತೆ ಜೀವ ಕೊಟ್ಟಿತ್ತಂತೆ. ಆ ಬ್ಯಾಂಡಿನವರು ವೇದಿಕೆಯಲ್ಲಿ ನುಡಿಸಿದ್ದು, ರೇಡಿಯೊಗೆ ನುಡಿಸಿದ್ದು ಎಲ್ಲ ಸೇರಿಸಿ ಈಚೆಗೆ ಸಿ.ಡಿ.ಗಳ ಒಂದು ಪೆಟ್ಟಿಗೆ ಬಂದಿತ್ತು. ಊಟದ ಬಿಡುವಿನಲ್ಲಿ ಸಾಹೇಬರು ಅದನ್ನು ಹಾಕಿದರು. ನನಗೆ ಗೊತ್ತಿಲ್ಲದೆಯೇ ಬೆರಳು ಮೇಜು ಬಡಿಯತೊಡಗಿತು. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಸ್ಕಾದಲ್ಲಿ ಗಿಟಾರಿನ ಪೆಟ್ಟು ಬೀಳುವುದು ಎರಡು ತಾಳಗಳ ನಡುವೆ, ಅಂದರೆ ಸರಿಯಾಗಿ ನನ್ನ ಬೆರಳು ಬೀಳುವಲ್ಲಿ! "ಪರ್ಫೆಕ್ಟ್!" ಎಂದು ಪೆಟ್ಟಿಗೆಯನ್ನೇ ಎರವಲು ಕೊಟ್ಟರು. ನನ್ನ ತಾಳವನ್ನು ಹೊಗಳಿದವರು ಅವರೇ ಮೊದಲು.

ಮದುವೆಯ ಬೆಳ್ಳಿಹಬ್ಬಕ್ಕೆ ಅದರಲ್ಲಿನ ಒಂದು ಹಾಡಿಗೆ ಕುಣಿಯೋಣ ಎಂದು ಹೆಂಡತಿಯ ಬೆನ್ನು ಬಿದ್ದೆ. ಗುಫೂಲ್ ಬಡಾವಣೆಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ರೇಡಿಯೊಗೆ ನುಡಿಸಿದ ಹಾಡು ಹಾಕಿಕೊಂಡು ತಿಂಗಳಿಡೀ ಒಬ್ಬನೇ ಅಭ್ಯಾಸ ಮಾಡಿದೆ. ಕೊನೆಗೆ ಅವಳು ಒಪ್ಪಿದಳು. "ಒಂದೇ ಹಾಡು. ತಪ್ಪಿದ್ರೆ ಕೈ ಬಿಟ್ಟು ಹೋಗಿ ಕೂತ್ಕೊಳ್ತೇನೆ, ನೋಡಿ."

ಬೆಳ್ಳಿಹಬ್ಬದ ದಿನ ಹಾಡು ಹಾಕುವ ಕೆಲಸ ಅವಳ ತಮ್ಮನದು. ಅವನು ಬೇರೆ ಸಿ.ಡಿ. ಹಾಕಿಬಿಟ್ಟ. ಹಾಡು ಅದೇ, ಆದರೆ ವೇದಿಕೆಯಲ್ಲಿ ನುಡಿಸಿದ್ದು. ರೇಡಿಯೊದಲ್ಲಿ ಶಿಸ್ತಾಗಿ ನಡೆದವರು ಇಲ್ಲಿ ಜನರನ್ನು ಕಂಡೊಡನೆ ಲಯ ಏರಿಸಿ ಓಟ ಕಿತ್ತಿದ್ದರು. ನನ್ನ ಕಾಲು ಮಾತ್ರ ತನ್ನ ಪಾಡಿಗೆ ತಾಳಗಳ ನಡುವೆ ಬೀಳುತ್ತಲೇ ಇತ್ತು. ತಪ್ಪಿದವಳು ಅವಳು! ಎರಡು ಸಲ ನನ್ನ ಬೂಟು ತುಳಿದಳು. ಈಗ ಕೈ ಬಿಡುತ್ತಾಳೆ ಎಂದುಕೊಂಡೆ. ಅವಳು ಚಪ್ಪಲಿ ಕಳಚಿ ಪಕ್ಕಕ್ಕೆ ಒದ್ದು, ನನ್ನ ಕಾಲನ್ನೇ ನೋಡುತ್ತಾ ಹೆಜ್ಜೆ ಹಾಕತೊಡಗಿದಳು.

ಹಾಡು ಮುಗಿದಾಗ ನಮ್ಮ ನೆಂಟರ ಜೊತೆ ಸಿ.ಡಿ.ಯೊಳಗಿನ ಜನರೂ ಚಪ್ಪಾಳೆ ತಟ್ಟಿದರು. ಸಂತೋಷ ತಡೆಯಲಾರದೆ, ನಾಚಿಕೆ ಬಿಟ್ಟು ಅವರಿಗೂ ಕೈಯೆತ್ತಿ ವಂದಿಸಿದೆ. ನನ್ನ ಇನ್ನೊಂದು ಕೈ ಅವಳ ಕೈಯಲ್ಲೇ ಇತ್ತು. ಏದುಸಿರು ಬಿಡುತ್ತಾ ಅವಳು ತಮ್ಮನಿಗೆ ಕೂಗಿ ಹೇಳಿದಳು: "ಇನ್ನೊಮ್ಮೆ ಹಾಕು ಮಾರಾಯ! ನನಗೆ ಇನ್ನೂ ಸರಿ ಬರ್ಲಿಲ್ಲ."