ಕಮಾಲುದ್ದೀನ್ ಸಾಹೇಬರ ಒಂದು ಗಂಟೆ

ಕೊಪ್ಪದ ಪೇಟೆಯಲ್ಲಿ ಕುರ್ಚಿಗೆ ಬೆತ್ತ ಹೆಣೆಯುವ ಕಮಾಲುದ್ದೀನ್ ಸಾಹೇಬರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಬೆಳಕು ಹೇಳದ ಹೊತ್ತನ್ನು ಅವರ ಮೈಗೆ ಹೇಳುತ್ತಿದ್ದುದು ಹೆಂಡತಿ ಅಮೀರ್ ಬೀ ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದ ಊಟ. ಮಧ್ಯಾಹ್ನ ಒಂದಕ್ಕೆ ಅವರ ಹೊಟ್ಟೆ ಗುರ್ರೆಂದರೆ ಪಕ್ಕದ ಅಂಗಡಿಯವರು ವಾಚು ಸರಿಮಾಡಿಕೊಳ್ಳುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಸಾಹೇಬರು ಸಿಕ್ಕಾಗ ತಿನ್ನುತ್ತಾರೆ. ಹಗಲೆಲ್ಲ ಅರ್ಧ ಹೆಣೆದ ಕುರ್ಚಿಗೇ ತಲೆಯಾನಿಸಿ ನಿದ್ದೆ ಹೋಗುತ್ತಾರೆ. ಆಜಾನ್ ಕೇಳಿ ಗಂಟೆ ತಿಳಿಯುತ್ತದೆ, ಮೈ ಮಾತ್ರ ಒಪ್ಪುವುದಿಲ್ಲ. ಸಂಜೆ ಐದಕ್ಕೆ ಎದ್ದು, ಆಗಷ್ಟೇ ಬೆಳಗಾದಂತೆ, "ತಿಂಡಿ ಆಯ್ತಾ ಮಾರಾಯ್ರೆ?" ಎಂದು ದಾರಿಹೋಕರನ್ನೆಲ್ಲ ವಿಚಾರಿಸುತ್ತಾರೆ. ಮೊನ್ನೆ ಎದುರು ಹೋಟೆಲಿನ ಹರಿಹರ, "ನಾಳೆಯಿಂದ ಊಟ ನಾನೇ ಕಳಿಸ್ತೀನಿ, ಎಂತ ಬೇಕು ಸಾಹೇಬ್ರೆ?" ಎಂದು ಕೇಳಿದ. "ಎಂತಾದ್ರೂ ಸರಿ, ಒಂದು ಗಂಟೆಗೇ ಕಳ್ಸು ಮಾರಾಯ. ಅವಳು ಹೋದ್ಮೇಲೆ ನಂಗೆ ಮಧ್ಯಾಹ್ನನೇ ಆಗಿಲ್ಲ."