ಮಕ್ತಲ್‌ನ ಕತ್ತಲೆಯಲ್ಲಿ ತೆಗೆದ ಗೆಲಾಕ್ಸಿ

ನಾರಾಯಣಪೇಟೆಯಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡವನು ನಾನೊಬ್ಬನೇ ಎಂದು ತಿಳಿದಿದ್ದೆ. ಅದನ್ನು ಯಾರಿಗೂ ಮರೆಯಲು ಬಿಟ್ಟಿರಲಿಲ್ಲ. ಪತ್ರಿಕೆಗೆ ಆ ದಿನದ ಸುದ್ದಿ ಕಳಿಸಿದ ಮೇಲೆ ಮಾಳಿಗೆ ಹತ್ತಿ, ಅದಕ್ಕೆ ಕ್ಯಾಮೆರಾ ಜೋಡಿಸಿ, ಆಂಡ್ರೊಮಿಡಾ ಗೆಲಾಕ್ಸಿಯ ಚಿತ್ರ ತೆಗೆಯುತ್ತಿದ್ದೆ. ಒಂದೇ ಚಿತ್ರದಲ್ಲಿ ಅದು ಬರಿಯ ಮಸುಕು. ಅದೇ ಜಾಗವನ್ನು ಮತ್ತೆ ಮತ್ತೆ ತೆಗೆದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದಾಗ ಆಕಾರ ಮೂಡುತ್ತದೆ.

ಗದ್ವಾಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಪರಿಚಯದ ಮೇಡಂ ಒಬ್ಬರು, ಹೊಸ ಪ್ರಯೋಗಾಲಯದ ಗೋಡೆಗೆ ಗೆಲಾಕ್ಸಿಯ ದೊಡ್ಡ ಚಿತ್ರ ಬೇಕೆಂದರು. ಇಂಟರ್ನೆಟ್ಟಿನದು ಬೇಡ, ನಮ್ಮ ಕಡೆಯಿಂದಲೇ ತೆಗೆದದ್ದಿರಲಿ. ಜಾಗ ಒಂದೇ ಚಿತ್ರಕ್ಕೆ. ಕೆಳಗೆ ತೆಗೆದವರ ಹೆಸರು. ನನ್ನ ಹೆಸರಿಲ್ಲದ ಸುದ್ದಿ ಬರೆಯುತ್ತಲೇ ವರ್ಷಗಳನ್ನು ಕಳೆದ ನನಗೆ ಆ ಗೋಡೆ ಬೇಕೇ ಬೇಕಿತ್ತು.

ಕಾರ್ತಿಕದ ಮೊದಲ ದಿನಗಳಲ್ಲಿ ತೆಗೆದ ಚಿತ್ರದಲ್ಲಿ ಗೆಲಾಕ್ಸಿಯ ಒಂದು ಬದಿಗೆ ಬಂಗಾರದ ಬಣ್ಣದ ಪ್ರಭೆ ಹರಡಿತ್ತು. ಅದರ ಹೊರಸುತ್ತಿನ ನಕ್ಷತ್ರಗಳೇ ಇರಬೇಕೆಂದುಕೊಂಡು ಮನೆಗೆ ಬಂದವರಿಗೆಲ್ಲ ತೋರಿಸಿದೆ. ಮಕ್ತಲ್‌ನಲ್ಲಿ ಬೀಜದ ಅಂಗಡಿ ಇಟ್ಟಿರುವ ಹೆಂಡತಿಯ ತಮ್ಮನೂ ಬಂದಿದ್ದ. ಚಿತ್ರ ನೋಡಿದ, ಕಿಟಕಿಯಿಂದ ಹೊರಗೆ ನೋಡಿದ.

“ಮಾವಾ, ಇದು ಗುಡಿ ಆಕಾಶದೀಪದ ಬೆಳಕು ಅಲ್ಲೇನ್ರೀ?”

ಎದುರಿನ ಈಶ್ವರನ ಗುಡಿಯಲ್ಲಿ ಕಾರ್ತಿಕವಿಡೀ ಎತ್ತರದ ಕಂಬದ ತುದಿಗೆ ದೀಪ ಏರಿಸುತ್ತಾರೆ. ಎಣ್ಣೆಯ ದೀಪ ಗಾಳಿಗೆ ಆರುತ್ತದೆಂದು ಈ ಸಲ ದೊಡ್ಡ ಹಳದಿ ಬಲ್ಬು ಕಟ್ಟಿದ್ದರು. ಮಾಸ ಮುಗಿಯುವ ತನಕ ಅದನ್ನು ಆರಿಸುವಂತಿಲ್ಲ. ದಿನವೂ ನಾನೇ ಅದಕ್ಕೆ ಕೈಮುಗಿದು ಮಾಳಿಗೆ ಹತ್ತುತ್ತಿದ್ದೆ.

“ಶಿವ ನಿಮ್ಮ ಗೆಲಾಕ್ಸಿಗೆ ಜರಿ ಅಂಚು ಹಾಕ್ಯಾನ ಬಿಡ್ರೀ,” ಎಂದ. ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ಅವನ ಮನೆ ಮಕ್ತಲ್ ಊರ ಹೊರಗೆ, ಹತ್ತಿ ಹೊಲಗಳ ಮಗ್ಗುಲಿಗೆ. ಸುದ್ದಿ ಕಳಿಸಿ ಮುಗಿಸಿ ಅಲ್ಲಿಗೆ ಹೋಗುವುದು ನನ್ನಿಂದಾಗದ ಮಾತು. “ನಮ್ಮಲ್ಲಿ ಕತ್ತಲಿ ಭಾಳ ಛಲೋ ಐತ್ರಿ. ಕೊಟ್ಟು ಕಳಸ್ರಿ, ನಾ ತೆಗೀತೀನಿ,” ಎಂದ. ಹೆಂಡತಿಯ ಎದುರು ಇಲ್ಲ ಎನ್ನಲಾಗಲಿಲ್ಲ. ಮಧ್ಯಾಹ್ನವೆಲ್ಲ ಕೂತು ಕಲಿಸಿ, ಟೆಲಿಸ್ಕೋಪ್, ಕ್ಯಾಮೆರಾ ಎರಡನ್ನೂ ಕೊಟ್ಟು ಕಳಿಸಿದೆ.

ಹುಣ್ಣಿಮೆ ಕಳೆದು ಚಂದ್ರ ತಡವಾಗಿ ಮೂಡುವ ದಿನಗಳು ಬಂದಾಗ ಅವನ ಚಿತ್ರ ಫೋನಿಗೆ ಬಂತು. ಗೆಲಾಕ್ಸಿಯೊಳಗಿನ ಕಪ್ಪು ಧೂಳಿನ ಪಟ್ಟಿಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಬೇರೆಯವರ ವರದಿ ತಿದ್ದುವಂತೆ ತಪ್ಪು ಹುಡುಕಿದೆ. ಉಪಗ್ರಹವೊಂದು ಹಾದುಹೋದ ಸಣ್ಣ ಗೀರು ಮಾತ್ರ ಸಿಕ್ಕಿತು. ಟೆಲಿಸ್ಕೋಪ್ ಅಲುಗಿದ್ದರೆ ಗೆರೆಯಾಗಿರಬೇಕಿದ್ದ ಮೂಲೆಯ ನಕ್ಷತ್ರಗಳನ್ನು ಹಿಗ್ಗಿಸಿ ನೋಡಿದೆ, ದುಂಡಗಿದ್ದವು. ಬಣ್ಣ ಹೆಚ್ಚಿಸಿರಬೇಕೆಂದು ಮೂಲ ಚಿತ್ರಗಳನ್ನು ತರಿಸಿಕೊಂಡು ನಾನೇ ಕೂಡಿಸಿದೆ. ನನ್ನ ಕೈಯಲ್ಲಿ ಅದು ಇನ್ನೂ ಚೆನ್ನಾಗಿ ಬಂತು. ಆ ರಾತ್ರಿ ಊಟ ಸೇರಲಿಲ್ಲ. ಟೆಲಿಸ್ಕೋಪ್ ನನ್ನದು, ಕ್ಯಾಮೆರಾ ನನ್ನದು, ಕಲಿಸಿದವನು ನಾನು. ಅವನದು ಕತ್ತಲೆ ಮಾತ್ರ.

ಹಳದಿ ಪ್ರಭೆಯನ್ನು ಆದಷ್ಟು ತೆಗೆದು ನನ್ನ ಚಿತ್ರವನ್ನು ಪ್ರಿಂಟ್ ಹಾಕಿಸಿ ಗದ್ವಾಲಿಗೆ ಹೊರಟೆ. ಮಕ್ತಲ್‌ನಲ್ಲಿ ಬಸ್ಸು ನಿಂತಾಗ ಅವನು ಕಿಟಕಿಯಿಂದ ತನ್ನ ಚಿತ್ರದ ಪ್ರಿಂಟ್ ಕೊಟ್ಟ.

“ನಿಮ್ಮದ ಮೊದಲು ತೋರಿಸ್ರಿ ಮಾವಾ. ನಂದು ಕೇಳಿದ್ರ ಅಷ್ಟ.”

ಚೀಲದಲ್ಲೇ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಪ್ರಾಮಾಣಿಕತೆಯಿಂದಲ್ಲ, ನನ್ನದೇ ಮೇಲು ಎಂದು ಮೂರನೆಯವರ ಬಾಯಿಂದ ಕೇಳಬೇಕಿತ್ತು.

ಮೇಡಂ ನೇಕಾರರ ಮನೆಯವರು. ಸೀರೆ ನೋಡುವ ಹಾಗೆಯೇ ಎರಡನ್ನೂ ಬಾಗಿಲ ಬೆಳಕಿಗೆ ಹಿಡಿದು, ಸ್ವಲ್ಪ ಓರೆ ಮಾಡಿ ನೋಡಿದರು. “ಇದು ಇರ್ಲಿ,” ಎಂದು ಮಕ್ತಲ್‌ನದನ್ನು ಮೇಜಿನ ಮೇಲಿಟ್ಟರು.

“ಅದರಾಗ ಒಂದು ಉಪಗ್ರಹದ ಗೀರು ಐತಿ, ನೋಡ್ರಿ,” ಎಂದೆ.

“ಇರ್ಲಿ ಬಿಡ್ರಿ, ಹುಡುಗ್ರು ಅದೇನಂತ ಕೇಳ್ತಾವ. ಯಾರ ಹೆಸರು ಹಾಕಲಿ?”

ಪತ್ರಿಕೆಯಲ್ಲಿ ಚಿತ್ರಕ್ಕೆ ತಪ್ಪು ಹೆಸರು ಬಿದ್ದರೆ ಕಚೇರಿಗೆ ಫೋನ್ ಮಾಡಿ ಜಗಳವಾಡುವವನು ನಾನು. ಅವನ ಪೂರ್ತಿ ಹೆಸರು ಹೇಳಿದೆ. ಆಮೇಲೆ ತಡೆಯಲಾರದೆ, “ಟೆಲಿಸ್ಕೋಪ್ ಯಾರದಂತ ಬರೀತೀರೇನ್ರಿ?” ಎಂದೆ.

“ಅಷ್ಟೆಲ್ಲ ಜಾಗ ಇಲ್ರೀ,” ಎಂದು ನಕ್ಕರು.

ಗದ್ವಾಲಿನ ಬಸ್‌ಸ್ಟ್ಯಾಂಡಿನಿಂದ ಅವನಿಗೆ ಫೋನ್ ಮಾಡಿದೆ.

“ನಿಮ್ಮದು ತೊಗೊಂಡ್ರೇನ್ರೀ ಮಾವಾ?”

“ಇಲ್ಲ. ನಿಂದು.”

“ಛೇ,” ಎಂದ. ಅದರಲ್ಲಿ ನಾಟಕವಿರಲಿಲ್ಲ; ಅದೇ ನನ್ನನ್ನು ಕೆರಳಿಸಿತು. ಅಮಾವಾಸ್ಯೆ ಹತ್ತಿರವಿತ್ತು. ಆ ಕತ್ತಲೆಯಲ್ಲಿ ಇನ್ನೊಂದು ಗೆಲಾಕ್ಸಿ ತೆಗೆಯುವುದಾಗಿ ಅವನು ಹೇಳಿಕೊಂಡಿದ್ದ.

“ಟೆಲಿಸ್ಕೋಪ್ ಮಕ್ತಲ್ ಬಸ್‌ಸ್ಟ್ಯಾಂಡಿಗೆ ತಾ. ಇವತ್ತ ಒಯ್ತೀನಿ.”

“ಇವತ್ತ? ಅಲ್ಲಿ ಆ ದೀಪದ ಬೆಳಕಿನ್ಯಾಗ ಏನ್ ಕಾಣ್ತದ ಮಾ…” ಎಂದವನು ತಡೆದ. “ಆತ್ರಿ. ತರ್ತೀನಿ.”

ಮಕ್ತಲ್‌ನಲ್ಲಿ ಅದನ್ನು ಚಾದರದಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿ ನಿಂತಿದ್ದ. ನಾನು ಬಸ್ಸಿನಿಂದ ಇಳಿಯಲಿಲ್ಲ. ಮೆಟ್ಟಿಲ ಮೇಲಿಂದಲೇ ಎರಡೂ ಕೈ ಚಾಚಿದೆ.