ಎಣ್ಣೆಯವನು ಕೂತ ಸಿಂಹಾಸನ

ತೀರ್ಥಹಳ್ಳಿಯಿಂದ ಹೊಸನಗರದವರೆಗೆ ಎಲ್ಲೇ ತಾಳಮದ್ದಳೆ ಆಗಲಿ, ರಾಜನ ಪಾತ್ರ ನಮ್ಮ ದೊಡ್ಡಪ್ಪನದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಪಂಚೆ ಶಲ್ಯದಲ್ಲಿ ಕೂತವರು ಬರೀ ಮಾತಿನಲ್ಲೇ ರಾಜರಾಗಬೇಕು. ದೊಡ್ಡಪ್ಪ ಲಿಂಗನಮಕ್ಕಿಯ ಪವರ್ ಹೌಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಟರ್ಬೈನಿನ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು. ಊಟಕ್ಕೆ ಕೂತು ಉಪ್ಪು ಕೇಳಿದರೂ ಕಪ್ಪ ಕೇಳಿದ ಹಾಗಿರುತ್ತಿತ್ತು.

ನಾನು ಆ ಗಂಟಲಿನ ಕಳ್ಳ. ಮಾತಿಗೆ ಮುಂಚಿನ ಒಣ ಕೆಮ್ಮು, ಶಲ್ಯ ಎಳೆದುಕೊಳ್ಳುವ ಗತ್ತು, ಎಲ್ಲ ಮಾಡಿ ಮದುವೆಮನೆಗಳಲ್ಲಿ ನಗಿಸುತ್ತಿದ್ದೆ. ಊರವರೆಲ್ಲರ ದನಿ ನನಗೆ ಬರುತ್ತದೆ. ನನ್ನದು ಯಾವುದು ಅಂತ ಕೇಳಿದರೆ ಅಮ್ಮನೂ ಒಂದು ಗಳಿಗೆ ಯೋಚಿಸುತ್ತಾಳೆ.

ಹೋದ ವರ್ಷ ದೊಡ್ಡಪ್ಪನ ದನಿ ಒಡೆಯತೊಡಗಿತು. ಡಾಕ್ಟರು ಇರುವುದನ್ನು ಉಳಿಸಿಕೊಳ್ಳಿ ಅಂದರು. ಅಷ್ಟರಲ್ಲೇ ಸಾಗರದಲ್ಲೊಂದು ಕೂಟಕ್ಕೆ ಒಪ್ಪಿಕೊಂಡಾಗಿತ್ತು. ಭಾಗವತರೇ ಕಟ್ಟಿದ ಹೊಸ ಪ್ರಸಂಗ: ಎಲ್ಲೂ ಇಲ್ಲದ ಒಂದು ರಾಜ್ಯ, ಯುದ್ಧ ಹತ್ತಿರವಾಗಿದೆ. ತನ್ನ ಹಾಗೇ ಇರುವ ಎಣ್ಣೆ ಮಾರುವವನನ್ನು ಸಿಂಹಾಸನದ ಮೇಲೆ ಕೂರಿಸಿ, ಅವನ ವೇಷದಲ್ಲಿ ರಾಜ ಗಡಿ ನೋಡಲು ಹೋಗುತ್ತಾನೆ. ದೊಡ್ಡಪ್ಪ ನನ್ನನ್ನು ಕರೆದು, ಎಣ್ಣೆಯವನು ನೀನೇ ಅಂದರು. ಜಾಗ ಬದಲಾದ ಮೇಲೆ ರಾಜನ ದನಿ ನನ್ನದು, ಬಡವನ ಸಣ್ಣ ದನಿ ಅವರದು. ಗಂಟಲು ಹೋಗಿದ್ದು ಯಾರಿಗೂ ತಿಳಿಯುವುದಿಲ್ಲ.

"ಕೊನೇ ಮಾತು ಮಾತ್ರ ನಂದು," ಅಂದರು. "ರಾಜ ವಾಪಸ್ ಬಂದು ಆಡೋದು. ಅದಕ್ಕೇ ಉಳಿಸ್ಕೊಂಡಿರ್ತೀನಿ. ಅದೊಂದು ಆಡಿ ಕೂಟ ಬಿಡ್ತೀನಿ ಮಾರಾಯ."

ಭಾನುವಾರ ಮಧ್ಯಾಹ್ನ ಸಭೆ ತುಂಬಿತ್ತು. ದೊಡ್ಡಪ್ಪ ಆರಡಿ ಆಳು, ನಾನು ಅವರ ಹೆಗಲಿಗೂ ಬರುವುದಿಲ್ಲ. ಇಬ್ಬರದೂ ಒಂದೇ ರೂಪ ಅಂತ ಭಾಗವತರು ಹಾಡಿದಾಗ ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಜಾಗ ಬದಲಾಯಿಸಿದೆವು. ಅವರ ಶಲ್ಯ ಹೊದ್ದು, ಒಮ್ಮೆ ಕೆಮ್ಮಿ, ಬಾಯಿ ತೆರೆದೆ. ನಗು ನಿಂತಿತು.

ಎದುರಿಗೆ ಶತ್ರುರಾಜನಾಗಿ ಹೊಸನಗರದ ವಕೀಲರೊಬ್ಬರು. ತಾಳಮದ್ದಳೆಯಲ್ಲಿ ಬರೆದಿಟ್ಟ ಮಾತಿಲ್ಲ, ಎದುರಾಳಿ ಏನು ಕೇಳಿದರೂ ಕೂತಲ್ಲೇ ಉತ್ತರ ಹುಟ್ಟಬೇಕು. ವಕೀಲರು ಕೋರ್ಟಿನಲ್ಲಿ ಕನ್ನಡಕ ತೆಗೆಯುವ ಹಾಗೆ ತೆಗೆದು ಕೇಳಿದರು: "ಬಾಲ್ಯದಲ್ಲಿ ಒಂದೇ ಗುರುವಿನ ಹತ್ತಿರ ಕಲಿತವರು ನಾವು. ಅಗಲುವ ದಿನ ನೀನು ನನಗೊಂದು ಮಾತು ಹೇಳಿದ್ದೆ. ರಾಜನೇ ಹೌದಾದರೆ, ಅದನ್ನು ಹೇಳು."

ಪ್ರಸಂಗದಲ್ಲಿ ಅಂಥದ್ದೇನೂ ಇಲ್ಲ. ನಾನು ಕದ್ದಿಟ್ಟ ದೊಡ್ಡಪ್ಪನ ಮಾತುಗಳಲ್ಲಿ ಹುಡುಕಿದೆ, ಸಿಗಲಿಲ್ಲ. ದೊಡ್ಡಪ್ಪನತ್ತ ನೋಡಿದೆ. ಆ ಹೊತ್ತಿಗೆ ಗಡಿಯಲ್ಲಿರಬೇಕಾದ ಅವರು ನೆಲ ನೋಡುತ್ತ ಕೂತಿದ್ದರು. ಇನ್ನೊಮ್ಮೆ ಕೆಮ್ಮಿದೆ. ಅದು ನಕಲಿಯಲ್ಲ, ಬಾಯಿ ನಿಜವಾಗಿ ಒಣಗಿತ್ತು.

"ಹೇಳಿದವನು ಮರೆಯಬಹುದು, ಕೇಳಿಸಿಕೊಂಡವನು ಮರೆಯಬಾರದು. ಏನು ಹೇಳಿದ್ದೆ, ನೀನೇ ಹೇಳು. ಅದರಂತೆ ನಡೆದಿದ್ದರೆ ಇವತ್ತು ನಿನ್ನ ಸೈನ್ಯ ನನ್ನ ಗಡಿಯಲ್ಲಿ ಏಕೆ ನಿಂತಿದೆ?"

ಚಪ್ಪಾಳೆ ಬಿತ್ತು. ವಕೀಲರು ಕನ್ನಡಕ ಹಾಕಿಕೊಂಡರು.

ಕೊನೆಗೆ ರಾಜ ಮರಳುವ ಪದ್ಯ ಬಂತು. ನಾನೆದ್ದು ಶಲ್ಯ ತೆಗೆದು ದೊಡ್ಡಪ್ಪನ ಮುಂದೆ ಹಿಡಿದೆ. ಅವರು ಅದನ್ನು ಬಿಡಿಸಿ, ನೆರಿಗೆ ಸರಿಮಾಡಿ, ಮತ್ತೆ ನನ್ನ ಹೆಗಲಿಗೇ ಹಾಕಿದರು. ಎಣ್ಣೆಯವನ ಸಣ್ಣ ದನಿಯಲ್ಲೇ ಹೇಳಿದರು: "ರಾಜ ಗಡಿ ಕಾಯ್ಲಿಕ್ಕೆ ಅಲ್ಲೇ ಉಳಿದ್ರು. ಸುದ್ದಿ ತಂದಿದ್ದೀನಿ, ಅಷ್ಟೆ. ಸಿಂಹಾಸನದಲ್ಲಿ ಕೂತವನು ಕೂತೇ ಇರ್ಲಿ."

ತಾವು ಕಟ್ಟಿದ ಕತೆಯೇ ಬದಲಾಗಿದ್ದನ್ನು ಕಂಡ ಭಾಗವತರು ನಮ್ಮಿಬ್ಬರನ್ನೂ ನೋಡಿ ಮಂಗಳ ಹಾಡಿದರು.

ಪಾಪ, ಗಂಟಲು ಕೈಕೊಟ್ಟಿತು ಅಂದುಕೊಂಡೇ ನಾನು ಅವರ ಚೀಲ ಹೊತ್ತು ಬಸ್ ಸ್ಟ್ಯಾಂಡಿಗೆ ಬಂದೆ. ಕಾರ್ಗಲ್ ಬಸ್ಸು ಆಗಲೇ ಗೇಟು ದಾಟುತ್ತಿತ್ತು. ದೊಡ್ಡಪ್ಪ ಒಮ್ಮೆ ಕೆಮ್ಮಿ, "ಹೋಲ್ಡಾನ್" ಅಂದರು. ಹಳೇ ದನಿ, ಒಂದು ಬಿರುಕೂ ಇಲ್ಲ. ಬಸ್ಸು ನಿಂತಿತು. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ತಿರುಗಿ ನೋಡಿತು.

ನಾನು ಬಾಯಿ ತೆರೆದು ನಿಂತಿದ್ದೆ. ಅವರು ಮೆಟ್ಟಿಲು ಹತ್ತುತ್ತ ಮೆಲ್ಲಗೆ ಅಂದರು, "ಎಂತ ನೋಡ್ತೀಯ, ಹತ್ತು. ನಿನ್ನ ಎರಡನೇ ಕೆಮ್ಮು ಚೆನ್ನಾಗಿತ್ತು."